ಜಗಳೂರಿನ ದೊರೆಸಾನಿಗೊಂದು ಖಾತೆ

ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಮೊದಲ ಪೋಸ್ಟಿಂಗ್ ಆದದ್ದು ಜಗಳೂರಿಗೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚನ್ನಗಿರಿಯಲ್ಲಿ ಸುದ್ದಿ ಕೇಳಿದ ನಮ್ಮವ್ವ, "ಊರ ಹೆಸರಿನಾಗೇ ಜಗಳ ಐತೆ, ನೀನೂ ಹೋಗಿ ಸೇರ್ಕೊಂಡ್ರೆ ಕೇಳ್ಬೇಕಾ?" ಅಂದಳು. ಸುಳ್ಳಲ್ಲ, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಮುಂದೆ ಹೊನ್ನಾಳಿ, ನ್ಯಾಮತಿ ಅಂತ ಬ್ರಾಂಚುಗಳನ್ನು ಸುತ್ತಿ ಸುತ್ತಿ ನಿವೃತ್ತಳಾದೆ. ಆದರೂ ಕೌಂಟರಿನ ಹಿಂದೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ ದಿನ ಯಾವುದು ಅಂದರೆ ಜಗಳೂರಿನದೇ ಕಣ್ಣ ಮುಂದೆ ಬರುತ್ತದೆ.

ಊರಲ್ಲಿ ಒಬ್ಬ ದೊರೆಸಾನಿ ಇದ್ದಳು. ದೊರೆಸಾನಿ ಅಂತ ಕರೆದದ್ದು ಜನ. ಅವಳ ಹತ್ತಿರ ದೊರೆತನದ್ದೇನೂ ಇರಲಿಲ್ಲ. ಇಂಗ್ಲೆಂಡಿನ ಯಾವುದೋ ಉಣ್ಣೆ ಗಿರಣಿಯಲ್ಲಿ ಜೀವನಪೂರ್ತಿ ದುಡಿದು ನಿವೃತ್ತಳಾದವಳು. ಕೈಯಲ್ಲಿ ಉಣ್ಣೆ ನೂತು ಕಂಬಳಿ ನೇಯುವ ಜನ ಇನ್ನೂ ಇದ್ದಾರಂತೆ ಅಂತ ಯಾರೋ ಹೇಳಿದ್ದಕ್ಕೆ ನೋಡಲು ಬಂದಳು. ಎಂಟು ದಿನಕ್ಕೆ ಅಂತ ಬಂದವಳು ವರ್ಷ ಕಳೆದರೂ ಹೋಗಲಿಲ್ಲ. ಕುರಿ ಸಾಕಿಕೊಂಡಿದ್ದ ಒಬ್ಬ ಅಜ್ಜಿಯ ಮನೆಯ ಹೊರಗಿನ ಕೋಣೆಯಲ್ಲಿ ಬಾಡಿಗೆಗಿದ್ದು, ನೂಲು ತೆಗೆಯುವುದನ್ನು ಅವಳಿಂದಲೇ ಕಲಿಯುತ್ತಿದ್ದಳು. ಸೀರೆಯನ್ನು ಮೊಣಕಾಲಿಗೂ ಪಾದಕ್ಕೂ ನಡುವೆ ಎಲ್ಲೋ ನಿಲ್ಲಿಸುತ್ತಿದ್ದಳು. ಬಿಸಿಲಿಗೆ ಮೂಗು ಯಾವಾಗಲೂ ಕೆಂಪು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಒಂದು ದಿನ ನನ್ನ ಕೌಂಟರಿಗೂ ಬಂದಳು. ಅಲ್ಲಿಯವರೆಗೆ ಅವಳ ಪೆನ್ಷನ್ ಚೆಕ್ಕು ಟಪಾಲಿನಲ್ಲಿ ಬರುತ್ತಿತ್ತು. ಬಸ್ಸು ಹತ್ತಿ ದೊಡ್ಡ ಊರಿಗೆ ಹೋಗಿ ಹೇಗೋ ನಗದು ಮಾಡಿಸುತ್ತಿದ್ದಳು. ಈಗ ಅವಳ ದೇಶದವರು, ಇನ್ನು ಮುಂದೆ ಪೆನ್ಷನ್ ಏನಿದ್ದರೂ ಬ್ಯಾಂಕ್ ಖಾತೆಗೇ, ಇಲ್ಲದಿದ್ದರೆ ಮರಳಿ ಬಂದು ತೆಗೆದುಕೋ ಅಂದಿದ್ದರು. ಖಾತೆಯಾದರೆ ಜಗಳೂರು, ಆಗದಿದ್ದರೆ ಹಡಗೋ ವಿಮಾನವೋ. ಅವಳ ಇಂಗ್ಲಿಷು ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ, ಆದರೆ ಮುಖ ನೋಡಿದರೆ ಉಳಿದರ್ಧ ತಿಳಿಯುವಂತಿತ್ತು.

ಹೊರದೇಶದವಳಿಗೆ ಖಾತೆ ತೆರೆದು ನಮ್ಮ ಬ್ರಾಂಚಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮ್ಯಾನೇಜರು ಮೇಲಿನವರಿಗೆ ಬರೆದರು, ಮೇಲಿನವರು ಇನ್ನೂ ಮೇಲಿನವರಿಗೆ ಬರೆದರು, ಕೊನೆಗೆ ಅಪ್ಪಣೆ ಬಂತು. ನಾವೆಲ್ಲ ಉಸ್ಸಪ್ಪಾ ಅಂದೆವು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ? ಅರ್ಜಿಯ ಕೆಳಗೆ, ಈ ವ್ಯಕ್ತಿ ನನಗೆ ಚೆನ್ನಾಗಿ ಗೊತ್ತು ಅಂತ ನಮ್ಮಲ್ಲಿ ಖಾತೆ ಇರುವ ಯಾರಾದರೂ ರುಜು ಹಾಕಬೇಕಿತ್ತು. ಅದೊಂದು ಬಾಕಿ.

ನಮ್ಮ ಕಡೆ ಇನ್ನೊಬ್ಬರ ಹೆಸರಿನ ಕೆಳಗೆ ರುಜು ಹಾಕುವುದು ಅಂದರೆ ಜಾಮೀನು. ಅದಕ್ಕೆ ಬೇರೆ ಅರ್ಥವೇ ಇಲ್ಲ. ಸೊಸೈಟಿ ಸಾಲಕ್ಕೆ ನೆಂಟನ ಪರವಾಗಿ ರುಜು ಹಾಕಿ ಮನೆಯ ಕೊಳಗ, ಪಾತ್ರೆ ಕಳೆದುಕೊಂಡವರ ಕಥೆ ಬೀದಿಗೊಂದಿತ್ತು. ಅಂಥದ್ದರಲ್ಲಿ ದೊರೆಸಾನಿಗೆ ಯಾರು ರುಜು ಹಾಕುತ್ತಾರೆ? ಶೇಂಗಾ ಮಂಡಿಯ ಸಾಹುಕಾರರನ್ನು ಕೇಳಿದೆ.

"ಒಳ್ಳೇ ಹೆಂಗಸು ಮೇಡಂ, ಇಲ್ಲ ಅನ್ನಲ್ಲ. ಆದ್ರೆ ನಾಳೆ ವಿಮಾನ ಹತ್ತಿ ಹೋದ್ರೆ ನಾನು ಎಲ್ಲಿ ಅಂತ ಹುಡುಕ್ಲಿ?"

"ಆಕೆ ಸಾಲ ತಗೊಳ್ತಿಲ್ರೀ! ತನ್ನ ದುಡ್ಡನ್ನ ನಮ್ಮಲ್ಲಿ ಇಡಾಕೆ ಬಂದಾಳೆ!"

"ಹಂಗಾದ್ರೆ ನನ್ನ ಸೈನ್ ಯಾಕೆ ಬೇಕ್ರೀ?" ಅಂದರು. ಅವರ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಬಟ್ಟೆ ಅಂಗಡಿಯವರೂ ಅದನ್ನೇ ಅಂದರು, ಹೋಟೆಲಿನವರೂ ಅದನ್ನೇ. ನಾನೇ ಹಾಕುತ್ತೇನೆ ಅಂದರೆ ಮ್ಯಾನೇಜರು, "ಖಾತೆ ತೆರೆಯೋರೂ ನೀವೇ, ಪರಿಚಯ ಹೇಳೋರೂ ನೀವೇ ಆದ್ರೆ ಹೆಂಗಮ್ಮ?" ಅಂದುಬಿಟ್ಟರು. ದೊರೆಸಾನಿ ದಿನಾ ಬಂದು ಬೆಂಚಿನ ಮೇಲೆ ಕೂತು, ದಿನಾ ಎದ್ದು ಹೋಗುತ್ತಿದ್ದಳು. ನನಗೆ ಅವಳ ಕಡೆ ನೋಡುವುದೇ ಕಷ್ಟವಾಯಿತು.

ಸಂತೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಗದ್ದಲ. ನೋಡಿದರೆ ದೊರೆಸಾನಿ ಬಾಡಿಗೆಗಿದ್ದ ಮನೆಯ ಅಜ್ಜಿ! ಒಂದು ಕೈಯಲ್ಲಿ ದೊರೆಸಾನಿ, ಇನ್ನೊಂದು ಕೈಯಲ್ಲಿ ಕೊಂಬಿನ ದೊಡ್ಡ ಟಗರು. ಪ್ಯೂನು ಅಡ್ಡ ನಿಂತಿದ್ದ, ಟಗರು ಅವನನ್ನು ಗುದ್ದಲೋ ಬೇಡವೋ ಎಂದು ಯೋಚಿಸುತ್ತಿತ್ತು.

"ಬಿಡಪ್ಪ, ಜಾಮೀನು ಕೊಡಾಕೆ ಬಂದೀನಿ," ಅಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, "ಯವ್ವಾ, ಇದು ನಿಮ್ಮ ಸಾಲದ ಕುರಿ ಅಲ್ಲ ಮತ್ತೆ. ಅವು ಬ್ಯಾಂಕಿಗೆ ಬರೆದು ಕೊಟ್ಟಾಗೈತೆ. ಇದು ನನ್ನ ಸ್ವಂತದ್ದು. ಇವ್ಳಿಗೆ ಇದನ್ನ ಬರ್ಕೊ," ಅಂದಳು.

ಕುರಿ ಸಾಲ ತೆಗೆದುಕೊಂಡಿದ್ದರಿಂದ ಅಜ್ಜಿಗೆ ನಮ್ಮಲ್ಲಿ ಖಾತೆ ಇತ್ತು. ಅದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಇಡೀ ಬ್ಯಾಂಕು ನಗುತ್ತಿತ್ತು, ಮ್ಯಾನೇಜರು ಕೂಡ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕು, ಕೊನೆಗೆ ತಡೆದುಕೊಂಡು, "ಅಜ್ಜಿ, ಟಗರು ಬೇಡ. ಜಾಮೀನೂ ಬೇಡ. ಇವರು ನನಗೆ ಚೆನ್ನಾಗಿ ಗೊತ್ತು ಅಂತ ಹೆಬ್ಬೆಟ್ಟು ಒತ್ತು, ಅಷ್ಟೇ ಸಾಕು," ಅಂದೆ.

ಅಜ್ಜಿಯ ಮುಖ ಸಣ್ಣಗಾಯಿತು. ಟಗರಿನ ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ ಬೆಂಚಿನ ಮೇಲೆ ಕೂತಳು.

"ಜಾಮೀನಾದ್ರೆ ಕೊಡ್ತೀನಿ. ಹೋದ್ರೆ ಒಂದು ಟಗರು ಹೋಗ್ತೈತೆ. ಗೊತ್ತು ಅಂತ ಹೆಂಗೆ ಹೇಳ್ಲಿ? ಇವ್ಳ ಮಾತು ನನಗೆ ತಿಳಿಯಲ್ಲ, ನನ್ನ ಮಾತು ಇವ್ಳಿಗೆ ತಿಳಿಯಲ್ಲ. ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಂಗಿಲ್ಲ."

ಎಲ್ಲರ ನಗುವೂ ನಿಂತಿತು. ಇದ್ದೊಂದು ಹೆಬ್ಬೆಟ್ಟೂ ಕೈ ಬಿಟ್ಟಿತಲ್ಲ ಅಂತ ನಾನು ಅಂದುಕೊಳ್ಳುವಷ್ಟರಲ್ಲಿ ಅಜ್ಜಿ, "ನಿನಗೆ ಅವ್ಳ ಮಾತು ಬರ್ತೈತಲ್ಲ, ಕೂಡು ಇಲ್ಲಿ. ನಾನು ಕೇಳ್ತೀನಿ, ನೀನು ಹೇಳು," ಅಂದಳು. ಕೌಂಟರು ಬಿಟ್ಟು ಹೋಗಿ ಇಬ್ಬರ ನಡುವೆ ಕೂತೆ. ದುಡ್ಡು ಕಟ್ಟಲು ಬಂದವರು ಕಟ್ಟುವುದನ್ನು ಬಿಟ್ಟು ಸುತ್ತ ನಿಂತರು.

"ಅವ್ವ ಏನು ಮಾಡ್ತಿದ್ಲು?" ಅವಳವ್ವನೂ ಅದೇ ಗಿರಣಿಯಲ್ಲಿ ಉಣ್ಣೆ ಆರಿಸುತ್ತಿದ್ದಳಂತೆ. ಅಜ್ಜಿ ತಲೆಯಾಡಿಸಿದಳು. "ಗಂಡ?" ಬಸ್ ಡ್ರೈವರು, ತೀರಿಹೋಗಿ ಬಹಳ ವರ್ಷವಾಯಿತು. "ಮಕ್ಳು?" ಇಲ್ಲ. "ಒಡಹುಟ್ಟಿದೋರು?"

ಒಬ್ಬ ತಂಗಿ ಇದ್ದಾಳೆ, ಮಾತು ಬಿಟ್ಟಿದ್ದಾಳೆ ಅಂದಳು ದೊರೆಸಾನಿ. ಅವ್ವ ಸತ್ತ ಮೇಲೆ ಗೋಡೆ ಗಡಿಯಾರ ಯಾರಿಗೆ ಅಂತ ಜಗಳವಾಯಿತಂತೆ. ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಅಜ್ಜಿ ತೊಡೆ ತಟ್ಟಿಕೊಂಡು ಎದ್ದೇಬಿಟ್ಟಳು.

"ನಂದೂ ಅದೇ ಕಥೆ ಕಣವ್ವ! ನನ್ನ ತಂಗೀನ ಉಬ್ರಾಣಿ ಊರಿಗೆ ಕೊಟ್ಟೈತೆ. ನಮ್ಮವ್ವನ ತಾಮ್ರದ ಹಂಡೆ ಹೊತ್ಕೊಂಡು ಹೋದ್ಲು, ಇವತ್ತಿಗೂ ಮಾತಿಲ್ಲ. ಕೇಳು, ಕೇಳು, ಯಾರದು ತಪ್ಪಂತೆ?"

"ತಂಗಿಯದು," ಅಂದಳು ದೊರೆಸಾನಿ, ಎಳ್ಳಷ್ಟೂ ಅನುಮಾನವಿಲ್ಲದೆ.

"ಹಂಗೇ ಹೇಳ್ಬೇಕು!" ಅಂದಳು ಅಜ್ಜಿ. ಹಿರಿಯವಳಿಗೇ ಸಲ್ಲಬೇಕು ಅಂತ ಸುತ್ತ ನಿಂತವರಲ್ಲಿ ಅರ್ಧ ಜನ, ಕಿರಿಯವಳಿಗೆ ಅಂತ ಇನ್ನರ್ಧ ಜನ ಪಂಚಾಯ್ತಿ ಶುರು ಮಾಡಿದರು. ದುಡ್ಡು ಕಟ್ಟಲು ಬಂದಿದ್ದ ಶೇಂಗಾ ಸಾಹುಕಾರರಂತೂ ಗಡಿಯಾರ, ಹಂಡೆ ಎರಡನ್ನೂ ಮಾರಿ ಹಂಚಿಕೊಳ್ಳಬೇಕಿತ್ತು ಅಂತ ತೀರ್ಪು ಕೊಟ್ಟು ಇಬ್ಬರು ಹೆಂಗಸರಿಂದಲೂ ಬೈಸಿಕೊಂಡರು. ದೊರೆಸಾನಿ ಯಾವ ಭಾಷೆಯಲ್ಲಿ ಬೈದಳೋ, ಅವರಿಗೆ ಅರ್ಥವಾಯಿತು.

ಗದ್ದಲ ಇಳಿದ ಮೇಲೆ ಅಜ್ಜಿ ಮತ್ತೆ ಕೂತು ಮೆಲ್ಲಗೆ ಕೇಳಿದಳು. "ಇದೊಂದು ಕೇಳವ್ವ. ಅಷ್ಟು ದೊಡ್ಡ ದೇಶ ಬಿಟ್ಟು ನಮ್ಮ ಬಿಸಿಲಾಗೆ ಯಾಕೆ ಇರ್ಬೇಕು ಅಂತಾಳೆ? ಕಂಬಳಿ ಅಂತ ಹೇಳ್ಬ್ಯಾಡ ಅನ್ನು. ಕಂಬಳಿ ಕಲಿತು ಮುಗೀತು."

ದೊರೆಸಾನಿ ಹೇಳಿದ್ದನ್ನು ನಾನು ನಿಧಾನವಾಗಿ ಕನ್ನಡಕ್ಕೆ ತಂದೆ. "ಅಲ್ಲಿ ನಾನು ಊಟ ಮಾಡದಿದ್ದರೆ ಯಾರಿಗೂ ಗೊತ್ತಾಗೋದಿಲ್ಲ. ಇಲ್ಲಿ ಊಟಕ್ಕೆ ತಡವಾದರೆ ಈಕೆ ಬಾಗಿಲಿಗೆ ಬಂದು ಬೈಯುತ್ತಾಳೆ. ಏನು ಬೈಯುತ್ತಾಳೋ ಗೊತ್ತಿಲ್ಲ. ಅದು ನನಗೆ ಬೇಕು."

ನಾನೂ ಆ ಊರಿನ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದವಳು. ಅಜ್ಜಿ ಸೆರಗಿನಲ್ಲಿ ಹೆಬ್ಬೆರಳು ಒರೆಸಿಕೊಂಡು ನನ್ನ ಮುಂದೆ ಚಾಚಿದಳು. ನಾನು ಶಾಯಿ ಹಚ್ಚಿ, ಒತ್ತಿಸಿಕೊಂಡೆ.

"ಬರ್ಕೊ. ಇವ್ಳು ನನಗೆ ಗೊತ್ತು."

"ಎಷ್ಟು ದಿನದಿಂದ ಗೊತ್ತು ಅಂತ ಬರೀಬೇಕು ಅಜ್ಜಿ," ಅಂದೆ.

"ಈಗಿನಿಂದ."

ಮ್ಯಾನೇಜರು ಕೆಮ್ಮಿ, "ವರ್ಷದ ಮೇಲಾಯ್ತು ಅಂತ ಬರೀರಮ್ಮ, ಒಂದೇ ಮನೇಲಿ ಅದಾರಲ್ಲ," ಅಂದರು. ಹಾಗೇ ಬರೆದೆ. ಅವರು ರುಜು ಹಾಕಿ ಮೊಹರು ಒತ್ತಿದರು. ಖಾತೆ ಆಯಿತು, ಇನ್ನು ನೀವು ಎಲ್ಲಿಗೂ ಹೋಗಬೇಕಾಗಿಲ್ಲ ಅಂತ ನಾನು ದೊರೆಸಾನಿಗೆ ಇಂಗ್ಲಿಷಿನಲ್ಲಿ ಹೇಳಲು ವಾಕ್ಯ ಜೋಡಿಸುತ್ತಿದ್ದೆ. ಅಷ್ಟರಲ್ಲಿ ಅಜ್ಜಿ ಟಗರಿನ ಹಗ್ಗ ಬಿಚ್ಚಿಕೊಂಡು, ಬಾಗಿಲಿನಿಂದಲೇ ಇಡೀ ಬ್ಯಾಂಕಿಗೆ ಕೇಳುವಂತೆ ಕೂಗಿದಳು.

"ಏಳೇ, ಹೊತ್ತೆಷ್ಟಾತು ನೋಡು! ಮುದ್ದೆ ಆರಿ ಕಲ್ಲಾಗ್ತೈತೆ!"

ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ದೊರೆಸಾನಿ ಎದ್ದು ನಡೆದಿದ್ದಳು.