ಕಾರ್ಖಾನೆಯಲ್ಲೇ ಹಳತಾದ ಗಿಟಾರು

ಪೆಟ್ಟಿಗೆ ಬಿಚ್ಚಿದವನೇ ನಾನು ಆಡಿದ ಮೊದಲ ಮಾತು, "ಸರ್, ನಮಗೆ ಮೋಸ ಆಗಿದೆ" ಅಂತ. ಅಮೆರಿಕದಿಂದ ಅವತ್ತೇ ಬಂದಿಳಿದ ಗಿಟಾರು. ಕಾಗದದಲ್ಲಿ 'ಹೊಸದು' ಎಂದೇ ಬರೆದಿತ್ತು. ಒಳಗೆ ಮಲಗಿದ್ದದ್ದು ನೋಡಿದರೆ ಯಾರೋ ನಲವತ್ತು ವರ್ಷ ಬಾರಿಸಿ, ಬೀಳಿಸಿ, ಬೆವರು ಸುರಿಸಿ ಬಿಸಾಕಿದಂಥದ್ದು. ಮೊಣಕೈ ಊರುವ ಅಂಚಿನಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಮೈತುಂಬ ಕೂದಲೆಳೆಯಂಥ ಬಿರುಕು. ಬೆನ್ನಿಗೆ ಬೆಲ್ಟಿನ ಬಕ್ಕಲ್ ಉಜ್ಜಿದ ಗೀರು. ವಾಪಸು ಕಳಿಸುವುದಕ್ಕೆ ಪತ್ರ ಬರೆಯಲೇ ಎಂದು ನಾನು ಪೆನ್ನು ಹುಡುಕುತ್ತಿದ್ದರೆ ನಾನು ಕೆಲಸಕ್ಕಿದ್ದ ಗಿಟಾರು ಅಂಗಡಿಯ ಯಜಮಾನ ಕೀತ್ ಗೋಡೆ ಹಿಡಿದುಕೊಂಡು ನಕ್ಕ.

ಅದು ಹೊಸದೇ. ಹೋದ ತಿಂಗಳು ತಯಾರಾದದ್ದು. ತಯಾರಾದ ಮೇಲೆ ಅದೇ ಕಾರ್ಖಾನೆಯ ಇನ್ನೊಂದು ಕೋಣೆಯಲ್ಲಿ ಸಂಬಳದ ಆಳುಗಳು ಕೂತು ಅದನ್ನು ಉಜ್ಜಿ, ಗೀರಿ, ಶೀತದಲ್ಲಿಟ್ಟು ಬಣ್ಣ ಬಿರುಕುಬಿಡಿಸಿ, ಲೋಹಕ್ಕೆ ಮಂಕು ಹಿಡಿಸಿ ಮುದಿ ಮಾಡಿದ್ದರು. ಹಾಗೆ ಮಾಡಿದ್ದೇವೆಂದು ಪ್ರಮಾಣಪತ್ರ ಬೇರೆ. ಇದಕ್ಕೆ ಅವರು 'ಏಜ್ಡ್' ಅನ್ನುತ್ತಾರೆ, ಅಂದರೆ ವಯಸ್ಸು ತುಂಬಿಸಿದ್ದು. ಗೀರಿಲ್ಲದ ಗಿಟಾರಿಗಿಂತ ಗೀರಿದ ಗಿಟಾರಿಗೆ ಬೆಲೆ ಬಹಳ ಹೆಚ್ಚು. ಇದನ್ನು ಕೇಳಿದ ದಿನ ನಾನು ಬಸ್ಸಿನಲ್ಲಿ ಮನೆಗೆ ಬರುವಾಗ, ಈ ದೇಶದಲ್ಲಿ ನನಗೆ ಯಾವುದೂ ಅರ್ಥವಾಗುವುದಿಲ್ಲ ಎಂದು ನಿಜಕ್ಕೂ ಹೆದರಿಕೊಂಡೆ.

ನಾನು ಹೊಳೆನರಸೀಪುರದವನು. ನನ್ನ ಹೆಂಡತಿ ಲಲಿತ, ಅರಕಲಗೂಡಿನವಳು, ಹಾಸನದಲ್ಲಿ ನರ್ಸ್ ಆಗಿದ್ದಳು. ಎರಡು ಸಾವಿರದ ಎರಡನೇ ಇಸವಿಯಲ್ಲಿ ಬರ್ಮಿಂಗ್‌ಹ್ಯಾಮಿನ ಒಂದು ಆಸ್ಪತ್ರೆ ಅವಳನ್ನು ಕೆಲಸಕ್ಕೆ ಕರೆಸಿಕೊಂಡಿತು. ಅವಳ ಹಿಂದೆ ನಾನು ಹೋದೆ. ನಮ್ಮ ಕಡೆ ಹೆಂಡತಿ ಗಂಡನ ಹಿಂದೆ ಹೋಗುತ್ತಾಳೆ, ನಮ್ಮಿಬ್ಬರಲ್ಲಿ ಮಾತ್ರ ಉಲ್ಟಾ. ನನ್ನ ವೀಸಾದ ಮೇಲೆ 'ಅವಲಂಬಿತ' ಎಂಬ ಅರ್ಥದ ಇಂಗ್ಲಿಷ್ ಮುದ್ರೆ. ಅದನ್ನು ಓದಿದಾಗಲೆಲ್ಲ ನನಗೆ ಕೋಪ ಬರುತ್ತಿತ್ತು, ಆದರೆ ಸುಳ್ಳೇನೂ ಬರೆದಿರಲಿಲ್ಲ.

ಅಲ್ಲಿ 'ಟೆರೇಸ್ ಮನೆ' ಎಂದರೆ ನಮ್ಮ ತಾರಸಿಯಲ್ಲ. ಬೀದಿಯುದ್ದಕ್ಕೂ ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತ ಸಾಲುಮನೆ. ಅಂಥ ಒಂದರ ಮಹಡಿಯ ಕೋಣೆ ನಮ್ಮದು. ಪಕ್ಕದ ಮನೆಯ ಮುದುಕಿ ಕೆಮ್ಮಿದರೆ ನಮ್ಮ ಲೋಟ ಅದುರುವಷ್ಟು ತೆಳು ಗೋಡೆ. ಆ ಮುದುಕಿ ನನ್ನನ್ನು 'ಬ್ಯಾಬ್' ಅನ್ನುತ್ತಿದ್ದಳು. ಮಗುವಿಗೆ, ಗಂಡಸಿಗೆ, ಅಂಚೆಯವನಿಗೆ, ಎಲ್ಲರಿಗೂ ಆ ಊರಿನವರು ಅಕ್ಕರೆಯಿಂದ ಅನ್ನುವ ಮಾತದು. ಎಷ್ಟು ಅಕ್ಕರೆಯಿಂದ ಕರೆದರೂ ಮೂರು ವರ್ಷದಲ್ಲಿ ಒಮ್ಮೆಯೂ ಬಾಗಿಲ ಒಳಗೆ ಕರೆಯಲಿಲ್ಲ. ನಮ್ಮೂರಲ್ಲಿ ಬೈದುಕೊಂಡಾದರೂ ಒಳಗೆ ಕರೆದು ಕಾಫಿ ಕೊಡುತ್ತಾರೆ.

ರಾಗಿಹಿಟ್ಟಿಗಾಗಿ ಎಂಟು ತಿಂಗಳು ಅಲೆದೆ. ಕೊನೆಗೆ ಗುಜರಾತಿಯೊಬ್ಬರ ಅಂಗಡಿಯಲ್ಲಿ 'ನಾಗ್ಲಿ' ಎಂಬ ಹೆಸರಿನ ಚೀಲದಲ್ಲಿ ಅದು ಸಿಕ್ಕಿತು. ಅವತ್ತು ಮಾಡಿದ ಮುದ್ದೆ ಗಂಟುಗಂಟಾಗಿತ್ತು. ಆದರೂ ಇಬ್ಬರೂ ಉಂಡೆವು. ಎರಡನೇ ಮುದ್ದೆ ನುಂಗುವಾಗ ಲಲಿತ ಅತ್ತಳು.

ಊರಲ್ಲಿ ನಾನು ಆರ್ಕೆಸ್ಟ್ರಾದ ಗಿಟಾರಿನವನು. ತೊಂಬತ್ತರ ದಶಕದಲ್ಲಿ ಗಣಪತಿ ಕೂರಿಸಿದ ಕಡೆಯೆಲ್ಲ ನಮಗೆ ಕರೆ ಬರುತ್ತಿತ್ತು. ಚನ್ನರಾಯಪಟ್ಟಣ, ಬಾಗೂರು, ಹಳ್ಳಿಮೈಸೂರು. ಹೊಗೆಸೊಪ್ಪಿನ ಹರಾಜು ಮುಗಿದ ಖುಷಿಯಲ್ಲಿ ರಾಮನಾಥಪುರದವರೂ ಕರೆಸುತ್ತಿದ್ದರು. ನಾನು ಮಹಾ ವಾದಕನೇನಲ್ಲ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಸುತ್ತಮುತ್ತ ಗಿಟಾರು ಹಿಡಿಯುವವನು ನಾನೊಬ್ಬನೇ ಇದ್ದೆ. ಬರ್ಮಿಂಗ್‌ಹ್ಯಾಮಿನಲ್ಲಿ ಬೀದಿಗೆ ಹತ್ತು ಜನ ಇದ್ದರು. ಕೀತ್ ನನ್ನನ್ನು ಇಟ್ಟುಕೊಂಡದ್ದು ಬಾರಿಸುವುದಕ್ಕಲ್ಲ, ಧೂಳು ಒರೆಸಿ ತಂತಿ ಬದಲಾಯಿಸುವುದಕ್ಕೆ.

ಒರೆಸುತ್ತ ಒರೆಸುತ್ತಲೇ ಆ ಮುದಿ ಗಿಟಾರುಗಳ ಹುಚ್ಚು ನನಗೂ ಹಿಡಿಯಿತು. ಶನಿವಾರ ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು ಬರುತ್ತಿದ್ದ. ಇಂಥವು ಅವನ ಮನೆಯಲ್ಲಿ ಮೂರಿದ್ದವು. ಕೊಳ್ಳುವುದಕ್ಕಲ್ಲ, ಪೆಟ್ಟಿಗೆ ತೆಗೆಸಿ ಮೂಸುವುದಕ್ಕೆ ಬರುತ್ತಿದ್ದ. ಹಳೇ ಕಾಲದ ತೆಳು ವಾರ್ನಿಷಿಗೆ ಒಂದು ಸಿಹಿ ವಾಸನೆ ಇರುತ್ತದೆ. ಮೊದಲು ನಗು ಬಂತು. ಆರು ತಿಂಗಳಲ್ಲಿ ನಾನೂ ಮೂಸತೊಡಗಿದೆ. ಕೈ ಹಾಕಿದಲ್ಲೆಲ್ಲ ಸವೆದ ಅಂಚು ಅಂಗೈಗೆ ಒಗ್ಗುತ್ತಿತ್ತು. ಹೊಸ ಗಿಟಾರು ಹೊಸ ಚಪ್ಪಲಿಯಂತೆ ಕಚ್ಚುತ್ತದೆ, ಇದು ಕಚ್ಚುತ್ತಿರಲಿಲ್ಲ. ಊರು ಬಿಟ್ಟು ಬಂದು ಎಲ್ಲದಕ್ಕೂ ಹೊಸಬನಾಗಿದ್ದ ನನಗೆ, ಮೊದಲ ದಿನವೇ ಹಳೇ ಪರಿಚಯದಂತೆ ಒದಗಿದ ವಸ್ತು ಅದೊಂದೇ. ಆ ಪರಿಚಯ ಯಾರೋ ಕೂಲಿಗೆ ಕೆರೆದು ಮಾಡಿದ್ದು ಎಂದು ಗೊತ್ತಿದ್ದೂ ನನಗೆ ಅದು ಬೇಕಾಗಿತ್ತು.

ನಾನು ಆಸೆಪಟ್ಟದ್ದು ಕುಂಕುಮಗೆಂಪಿನ ಒಂದು ಅರೆಟೊಳ್ಳು ಗಿಟಾರು. ಅಂದರೆ ಒಡಲು ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ಟೊಳ್ಳೂ ಅಲ್ಲ. ನಡುವೆ ಉದ್ದಕ್ಕೆ ಒಂದು ಮರದ ತುಂಡು, ಎರಡು ಪಕ್ಕ ಖಾಲಿ, ಮೇಲೆ ಎರಡು ಬಳುಕಿದ ಸೀಳು. ಕರೆಂಟಿಗೆ ಸಿಕ್ಕಿಸದೆ ಮೀಟಿದರೂ ಅದು ಪಿಸುಗುಟ್ಟುತ್ತದೆ. ಲಲಿತ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಮಲಗುತ್ತಿದ್ದಳು. ಇರುವುದೊಂದೇ ಕೋಣೆ. ಅವಳಿಗೆ ಎಚ್ಚರವಾಗದಂತೆ ಬಾರಿಸಬಹುದಾದ ಗಿಟಾರು ಅದು. ಅದನ್ನು ಹೇಗೆ ಕೊಂಡೆ, ಎಷ್ಟಕ್ಕೆ ಕೊಂಡೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಓದಿದವರು ನನ್ನ ಮನೆಯವರಿಗೆ ಹೇಳಿಯಾರು.

ಎರಡು ವರ್ಷ ಪ್ರತಿ ಬೆಳಿಗ್ಗೆ ಅವಳ ಮಂಚದ ಪಕ್ಕ ನೆಲದಲ್ಲಿ ಕೂತು ಬಾರಿಸಿದೆ. ಹೊರಗೆ ಬೂದು ಮೋಡ, ಒಳಗೆ ಆ ಪಿಸುದನಿ. ನಿದ್ದೆಯಲ್ಲೇ ಒಮ್ಮೆ ಅವಳು "ನಿಲ್ಲಿಸ್ಬೇಡಿ" ಅಂದಳು. ಆ ದೇಶದಲ್ಲಿ ನನಗೂ ಒಂದು ಜಾಗವಿದೆ ಎನ್ನಿಸಿದ್ದು ಅವತ್ತು.

ಆ ದನಿಯನ್ನು ನಮ್ಮಣ್ಣನಿಗೆ ಕೇಳಿಸಬೇಕೆಂಬ ಚಪಲ ಹುಟ್ಟಿದ್ದೇ ತಪ್ಪು. ಎರಡು ಸಾವಿರದ ಆರರ ದಸರೆಗೆ ಊರಿಗೆ ಹೊರಟಾಗ ಗಿಟಾರನ್ನೂ ಹೊತ್ತೆ. ಅಣ್ಣ ನಂಜಣ್ಣ ಹೊಳೆನರಸೀಪುರದಲ್ಲಿ ಮರದ ಪಾಲಿಶ್ ಕೆಲಸದವನು. ಮಂಚ, ಬೀರು, ಮದುವೆಯ ಸೋಫಾ. ಇಡೀ ಊರಿನ ಬಾಗಿಲುಗಳು ಅವನ ಕೈಯಲ್ಲಿ ಹೊಳೆದಿವೆ. ನಾನು ಗಿಟಾರು ಹಿಡಿದ ಹೊಸತರಲ್ಲಿ, ನನ್ನ ಅಗ್ಗದ ಪ್ಲೈವುಡ್ ಗಿಟಾರಿಗೂ ಅವನೇ ಅರಗಿನ ಪಾಲಿಶ್ ಹೊಡೆದು ಸ್ಟೇಜಿಗೆ ಕಳಿಸಿದ್ದ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಓದಿಸಿದವನೂ ಅವನೇ.

ಪೆಟ್ಟಿಗೆ ತೆಗೆದೆ. ಅಣ್ಣ ಬಗ್ಗಿ ನೋಡಿದ. ಸವೆದ ಅಂಚಿನ ಮೇಲೆ ಹೆಬ್ಬೆರಳಾಡಿಸಿದ.

"ಏನ್ಲಾ ಮಂಜ, ಇಂಗ್ ಸವ್ದೋಗೈತೆ? ಯಾವನ್ಲಾ ನಿನ್ ತಲೇಗ್ ಕಟ್ಟಿದೋನು?"

"ಒಸಾದೇ ಕಣಣ್ಣ. ಕಾರ್ಖಾನೇಲೇ ಇಂಗ್ ಮಾಡ್ತಾರೆ. ಬೇಕು ಅಂತ್ಲೇ."

"ಬೇಕು ಅಂತ ಯಾವನಾರ ಒಸಾದ್ನ ಕೆರೀತಾನೇನ್ಲಾ?"

"ಇಂಗಿದ್ರೇನೇ ಜಾಸ್ತಿ ದುಡ್ಡು ಅಣ್ಣ ಅಲ್ಲಿ."

ಅಣ್ಣ ಜೋರಾಗಿ ನಕ್ಕ. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದ. ಅವನು ನನ್ನ ಮಾತು ನಂಬಿರಲಿಲ್ಲ. ಅವನಿಗೆ ಹೊಳೆದದ್ದು ಬೇರೆ: ಇವನ ಕೈಯಲ್ಲಿ ಹೊಸದು ಕೊಳ್ಳುವ ತಾಕತ್ತಿಲ್ಲ, ಹೇಳಿಕೊಳ್ಳಲು ಮಾನ ಬಿಡುತ್ತಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ, "ಓಗ್ಲಿ ಬುಡು. ಪರದೇಸ, ಕಷ್ಟ ಇದ್ದೇ ಇರ್ತದೆ. ನಮ್ತಾವೇನ್ಲಾ ನಾಚ್ಕೆ ನಿಂಗೆ?" ಅಂದ. ಬಾರಿಸಿ ತೋರಿಸಿದೆ. ಅವನು ಕಣ್ಣು ಕೀಳದೆ ಆ ಗೀರುಗಳನ್ನೇ ನೋಡುತ್ತಿದ್ದ, ಕೇಳಿಸಿಕೊಳ್ಳಲಿಲ್ಲ.

ಮಾರನೇ ದಿನ ನಾವು ಅರಕಲಗೂಡಿಗೆ, ಲಲಿತಳ ತವರಿಗೆ ಹೊರಟೆವು. ಬಸ್ಸಿನ ನೂಕುನುಗ್ಗಲಿಗೆ ಗಿಟಾರು ಬೇಡವೆಂದು ಅಣ್ಣನ ಮನೆಯಲ್ಲೇ ಬಿಟ್ಟೆ. ಒಂದು ವಾರ ಅಲ್ಲಿದ್ದು ಆಯುಧಪೂಜೆಯ ಬೆಳಿಗ್ಗೆ ವಾಪಸು ಬಂದೆವು.

ನಮ್ಮ ಕಡೆ ಆಯುಧಪೂಜೆಗೆ ಯಾವುದನ್ನೂ ಮಾಸಿದ್ದ ಹಾಗೇ ಇಡುವುದಿಲ್ಲ. ನೇಗಿಲು ತೊಳೆಯುತ್ತಾರೆ, ಸೈಕಲ್ಲಿಗೆ ಎಣ್ಣೆ ಹಾಕುತ್ತಾರೆ, ಬಸ್ಸಿಗೆ ಬಣ್ಣ ಹೊಡೆಸುತ್ತಾರೆ. ಅನ್ನ ಕೊಡುವ ವಸ್ತುವನ್ನು ಹಾಗೇ ಇಟ್ಟರೆ ಅದಕ್ಕೆ ಅವಮಾನ. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ಗೊತ್ತಿದ್ದೂ ಬಿಟ್ಟುಹೋಗಿದ್ದೆ.

ಅಣ್ಣನ ಶೆಡ್ಡಿನಲ್ಲಿ ಮಣೆ ಹಾಕಿ ಅದರ ಮೇಲೆ ಗಿಟಾರನ್ನು ನಿಲ್ಲಿಸಿದ್ದರು. ಒಂದು ಪಕ್ಕ ಅವನ ಸ್ಪ್ರೇ ಗನ್, ಇನ್ನೊಂದು ಪಕ್ಕ ಸ್ಕೂಟರು. ಎಲ್ಲಕ್ಕೂ ಸೇವಂತಿಗೆ ಹಾರ, ವಿಭೂತಿ, ಕುಂಕುಮ. ಗಿಟಾರು ಮಾತ್ರ ಕಣ್ಣು ಕೋರೈಸುತ್ತಿತ್ತು. ಒಂದು ಗೀರಿಲ್ಲ. ಒಂದು ಬಿರುಕಿಲ್ಲ. ಸವೆದ ಅಂಚು ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ, ಅಷ್ಟು ಸರಿಯಾಗಿ ಬಣ್ಣ ಕೂಡಿಸಿದ್ದ. ಉಪ್ಪುಕಾಗದದಲ್ಲಿ ಹಳೆಯದನ್ನು ಮರದ ತನಕ ಉಜ್ಜಿ ತೆಗೆದು ಐದು ಕೋಟು ಹೊಡೆದಿದ್ದ. ಮಂಕು ಹಿಡಿದಿದ್ದ ಲೋಹದ ಮುಚ್ಚಳಗಳಿಗೆ ಪಾತ್ರೆ ಅಂಗಡಿಯಲ್ಲಿ ಮೆಷಿನ್ ಪಾಲಿಶ್ ಹಾಕಿಸಿದ್ದ. ಸ್ಕ್ರೂಗಳೂ ಹೊಸವು.

"ನಿಮ್ಮಣ್ಣ ದಸ್ರೆ ಗಿರಾಕೀನೆಲ್ಲ ವಾಪ್ಸು ಕಳಿಸ್ಬುಟ್ರು ಕಣಪ್ಪ," ಅಂದರು ಅತ್ತಿಗೆ. "ಸರ್ಯಾಗ್ ಉಂಡೂ ಇಲ್ಲ. 'ನನ್ ತಮ್ಮ ಆ ದೊರೆಗೋಳ್ ಮುಂದೆ ಸವ್ದೋಗಿರೋದ್ ಇಡ್ಕಂಡ್ ನಿಂತ್ಕಬಾರ್ದು' ಅಂತ ಒಂದೇ ಸಮ."

ಅಣ್ಣ ಬಾಗಿಲ ಹತ್ತಿರ ನಿಂತಿದ್ದ, ಬೆರಳ ಸಂದಿಯಲ್ಲಿ ಇನ್ನೂ ಕೆಂಪು. ಬೀದಿಯ ನಾಲ್ಕು ಜನ ಬಂದು ಸೇರಿದ್ದರು. ಎಲ್ಲರೂ ನೋಡುತ್ತಿದ್ದದ್ದು ನನ್ನ ಮುಖವನ್ನು.

"ಎಂಗೈತ್ಲಾ?"

ನನಗೆ ಕೂಗಿಕೊಳ್ಳಬೇಕೆನಿಸಿತು. ಅವನ ಕಾಲಿಗೆ ಬೀಳಬೇಕೆಂದೂ ಎನಿಸಿತು. ಬಾಯಲ್ಲಿ ಬಿಸಿತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ. "ಚೆಂದಾಗೈತಣ್ಣ" ಅಂದೆ. ಲಲಿತ ನನ್ನ ಕೈ ಹಿಡಿದುಕೊಂಡಳು.

ಮಂಗಳಾರತಿ ಆದ ಮೇಲೆ ಬಾರಿಸು ಅಂದರು. ಬಾರಿಸಿದೆ. ದಪ್ಪ ಬಣ್ಣದ ಕೆಳಗೆ ಮರ ಉಸಿರು ಕಟ್ಟಿಕೊಂಡಿತ್ತು. ಕಂಬಳಿ ಹೊದ್ದು ಮಾತಾಡಿದಂಥ ದನಿ. ಆ ಪಿಸುಮಾತು ಹೋಗಿತ್ತು. ಅಣ್ಣನಿಗೆ ಅದರ ಪರಿವೆಯಿಲ್ಲ. ಈ ಸಲ ಮಾತ್ರ ಅವನು ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿದ.

ಬರ್ಮಿಂಗ್‌ಹ್ಯಾಮಿಗೆ ಮರಳಿ ಕೀತನ ಮೇಜಿನ ಮೇಲೆ ಪೆಟ್ಟಿಗೆ ತೆಗೆದಾಗ ಅವನು ನಗಲಿಲ್ಲ. ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. "ಯಾರು ಮಾಡಿದ್ದು ಇದನ್ನು?" ಅಂದ. ನಮ್ಮಣ್ಣ ಅಂದೆ. ಅದಕ್ಕೆ ಅವನು, "ಇಷ್ಟು ಒಳ್ಳೆಯ ಕೈಕೆಲಸ ನಾನು ಈ ಊರಲ್ಲಿ ನೋಡಿಲ್ಲ. ಗಿಟಾರನ್ನು ಕೊಂದಿದ್ದಾನೆ, ಆದರೆ ಇಷ್ಟು ಒಳ್ಳೆಯ ಕೈಕೆಲಸ ನೋಡಿಲ್ಲ." ಎರಡೂ ಮಾತು ನಿಜವೇ. ತನಗೆ ಗೊತ್ತಿರುವ ಒಬ್ಬನಿದ್ದಾನೆ, ಇದನ್ನೆಲ್ಲ ಕೆರೆದು ತೆಗೆದು ತೆಳು ವಾರ್ನಿಷ್ ಕೊಟ್ಟು ಮತ್ತೆ ಗೀರು ಹಾಕಿಕೊಡುತ್ತಾನೆ, ದನಿಯೂ ಮರಳಬಹುದು ಅಂದ. ಆಯಿತು ಎಂದು ಒಪ್ಪಿ ದಿನವನ್ನೂ ಗೊತ್ತುಮಾಡಿದೆ.

ಆ ದಿನ ಗಿಟಾರು ಒಯ್ಯಲು ಮನೆಯಲ್ಲಿ ಪೆಟ್ಟಿಗೆ ಎತ್ತಿದವನು ಮುಚ್ಚಳ ತೆಗೆದು ನೋಡಿದೆ. ಒಳಗಿಂದ ಟಿನ್ನರಿನ, ಅರಗಿನ, ಬೀಡಿಹೊಗೆಯ ವಾಸನೆ ಬಂತು. ಅಣ್ಣನ ಶೆಡ್ಡು ಇಡಿಯಾಗಿ ಆ ಕೋಣೆಯಲ್ಲಿ ನಿಂತ ಹಾಗಾಯಿತು. ಮುಚ್ಚಿಟ್ಟು ಬರಿಗೈಯಲ್ಲಿ ಅಂಗಡಿಗೆ ಹೋದೆ. ಯಾಕೆ ತರಲಿಲ್ಲವೆಂದು ಕೀತ್ ಕೇಳಿದ್ದಕ್ಕೆ ಮರೆತೆ ಅಂದೆ. ಆಮೇಲೆ ಅವನೂ ಕೇಳುವುದನ್ನು ಬಿಟ್ಟ.

ಈಗ ಅಂಗಡಿಯಲ್ಲಿ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬೇರೆಯವರ ಮುದಿ ಗಿಟಾರುಗಳನ್ನು ಬಾರಿಸುತ್ತೇನೆ. ಮನೆಯಲ್ಲಿ ನನ್ನದನ್ನು ಬಾರಿಸುವುದು ಕಡಿಮೆ, ತೆಗೆದು ಮೂಸುವುದೇ ಹೆಚ್ಚು. ಕೆರೆಸಿದರೆ ಅಣ್ಣನಿಗೆ ಗೊತ್ತಾಗುವುದಿಲ್ಲ. ಕೆರೆಸದಿದ್ದರೆ ಬೆಳಿಗ್ಗೆಯ ಆ ದನಿ ಮರಳುವುದಿಲ್ಲ. ಲಲಿತ ಒಮ್ಮೆ ಮಾತ್ರ, "ಅವತ್ತೇ ನಿಜ ಹೇಳ್ಬೇಕಿತ್ತು ನೀವು" ಅಂದಳು. ಯಾವ ನಿಜ ಎಂದು ನಾನು ಕೇಳಲಿಲ್ಲ.

ಅಣ್ಣ ಭಾನುವಾರ ಭಾನುವಾರ ಫೋನು ಮಾಡುತ್ತಾನೆ. ಇಂಗ್ಲೆಂಡಿನ ಗಿಟಾರಿಗೆ ಪಾಲಿಶ್ ಹೊಡೆದವನು ಎಂದು ಚನ್ನರಾಯಪಟ್ಟಣದಿಂದಲೂ ಅವನಿಗೆ ಕೆಲಸ ಬರುತ್ತಿದೆಯಂತೆ. ಮಳೆ ಬೆಳೆ ಎಲ್ಲ ಆದ ಮೇಲೆ ಕೊನೆಗೆ ಅದೇ ಪ್ರಶ್ನೆ.

"ಶೈನಿಂಗು ಅಂಗೇ ಐತಾ?"

"ಅಂಗೇ ಐತಣ್ಣ."

"ಅಲ್ಲಿ ಚಳಿಗೆ ಮಂಕಾಯ್ತದೆ ಕಣ್ಲಾ. ಮುಂದಿನ್ ಸಲ ಬರೋವಾಗ ತಕಂಬಾ, ಇನ್ನೆರಡು ಕೋಟು ಕೊಡ್ತೀನಿ."

"ತತ್ತೀನಣ್ಣ," ಅನ್ನುತ್ತೇನೆ.