ಬಂಗಾರದ ಚುಕ್ಕಿಯ ಸಂಬಂಧ

ನನ್ನ ಹಿರಿಮಗ ಮಲ್ಲಪ್ಪ ಗದ್ದಲಕ್ಕೆ ಹೆದರಿ ಸತ್ತಿಲ್ಲ. ಅವನ ರಕ್ತವೇ ಅವನನ್ನು ಕೊಂದಿತು.

ಊರ ಮಂದಿ ಬೇರೆ ಹೇಳುತ್ತಾರೆ. ಬಂದೂಕಿನ ಸಪ್ಪಳಕ್ಕೆ ಎದೆ ಒಡೆಯಿತಂತೆ. ಯಾವ ಬಂದೂಕು? ಬಂದೂಕು ಹಿಡಿದವರು ಊರೂರು ಸುಲಿಯುತ್ತಿದ್ದ ಆ ಗದ್ದಲದ ದಿನಗಳಲ್ಲಿ ನಾವು ಜೇವರ್ಗಿ ಬಿಟ್ಟು ಸೊಲ್ಲಾಪುರದ ಬಳಗದವರ ಮನೆ ಸೇರಿದ್ದೆವು. ಅಲ್ಲಿ ಒಂದು ಮುಂಜಾನೆ ಮಲ್ಲಪ್ಪ ಎಳೆಬಿಸಿಲಿಗೆ ಕೂತು ರೊಟ್ಟಿ ತಿನ್ನುತ್ತಿದ್ದ. "ಅವ್ವಾ, ಎದಿ ಮ್ಯಾಲ ಯಾರೋ ಕುಂತಂಗ ಆಗಾಕತ್ತದ" ಅಂದ. ಅಷ್ಟೇ. ರೊಟ್ಟಿ ಕೈಯಲ್ಲೇ ಉಳಿಯಿತು. ಅವರಪ್ಪನೂ ತಲೆಗೂದಲು ನರೆಯುವ ಮೊದಲೇ ಹೀಗೇ ಹೋದ. ಆಗ ಯಾವ ಗದ್ದಲ ಇತ್ತು, ಹೇಳ್ರಿ?

ಡಾಕ್ಟರ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆದರೂ ಅವರು ತಟ್ಟನೆ ಏಳಲಿಲ್ಲ. ಮಲ್ಲಪ್ಪನ ಕಣ್ಣಿನ ಮೂಲೆಯ ಹಳದಿ ಚುಕ್ಕಿ ನೋಡಿದರು. ಹಿಮ್ಮಡಿ ಮೇಲಿನ ನರ ಮುಟ್ಟಿದರು. ಹಗ್ಗದ ಗಂಟಿನಂತೆ ದಪ್ಪಗಿತ್ತು.

"ಆಜಿ, ಈ ಚುಕ್ಕಿ ಮನ್ಯಾಗ ಮತ್ತ ಯಾರಿಗದಾವ?"

(ಅದು ನಮ್ಮ ಮನೆತನದ ಗುರುತು. ಬಂಗಾರದ ಚುಕ್ಕಿ ಅಂತೇವೆ. ಲಕ್ಷ್ಮಿ ಮುಟ್ಟಿ ಹೋದ ಜಾಗ ಅಂತ ನಮ್ಮತ್ತೆ ಬೀಗುತ್ತಿದ್ದಳು.)

"ಬಂಗಾರ ಅಲ್ಲ ಆಜಿ, ಕೊಬ್ಬು. ರಕ್ತದಾಗ ಮಿತಿ ಮೀರೇದ. ಬರೇ ತಿಂದು ಬಂದದ್ದಲ್ಲ. ಹೊಲ ಬಂದಂಗ ಹಿರೇರಿಂದ ಬರ್ತದ. ಎದಿ ನರ ಕಟ್ಟಿಬಿಡ್ತದ."

"ಔಷಧ?"

"ಇಲ್ಲ. ತುಪ್ಪ ಬೆಣ್ಣಿ ಕಡಿಮಿ ಮಾಡ್ರಿ. ಅಷ್ಟ."

ಸತ್ತವನಿಗೆ ಅಳುವ ಹೊತ್ತದು. ನನಗೋ ಬದುಕಿದ್ದವರ ಫಿಕರು ಹತ್ತಿತು. ಕಿರಿಮಗ ಗುರಪ್ಪನ ಕಣ್ಣಲ್ಲೂ ಅದೇ ಚುಕ್ಕಿ. ಮಗಳು ನಾಗವ್ವನ ಮಗಳು ಕಾಶೀಬಾಯಿಗೂ ಈಗೀಗ ಮೂಡುತ್ತಿದೆ. ಅವರಿಬ್ಬರ ಮದುವೆ ತೊಟ್ಟಿಲಲ್ಲೇ ಮಾತಾದದ್ದು. ಸೋದರಮಾವನಿಗೆ ಅಕ್ಕನ ಮಗಳು! ನಮ್ಮ ಸೀಮೆಯಲ್ಲಿ ಇದಕ್ಕಿಂತ ಗಟ್ಟಿ ಸಂಬಂಧ ಯಾವುದಿದೆ?

"ತಾಯಿ ತಂದಿ ಇಬ್ಬರಿಗೂ ಇದ್ರ ಹ್ಯಾಂಗ್ರಿ?" ಅಂದೆ.

ಡಾಕ್ಟರ್ ನನ್ನ ಮುಖ ನೋಡಿದರು. "ಕೂಸಿಗೆ ಡಬಲ್ ಬರಬಹುದು. ಅಂಥಾವು ಬಾಳ ದಿನ ಉಳಿಯಂಗಿಲ್ಲ."

ನನ್ನ ಮೈದುನ ತನ್ನ ಅಕ್ಕನ ಮಗಳನ್ನೇ ಮಾಡಿಕೊಂಡಿದ್ದ. ಇಬ್ಬರ ಕಣ್ಣಲ್ಲೂ ಚುಕ್ಕಿ ಇತ್ತು. ಅವರ ಕೂಸಿಗೆ ಮೊಣಕೈ, ಮೊಣಕಾಲು, ಬೆರಳ ಸಂದಿಗಳಲ್ಲೆಲ್ಲ ಹಳದಿ ಗಂಟು. ನಾಗದೋಷ ಅಂದರು. ಹುತ್ತಕ್ಕೆ ಹಾಲೆರೆದರು. ಘತ್ತರಗಿ ಭಾಗ್ಯವಂತಿ ದೇವಿಗೆ ಹರಕೆ ಹೊತ್ತರು. ಅದು ಕುಂಟಾಬಿಲ್ಲೆ ಆಡುತ್ತಾ ಆಡುತ್ತಾ ಬಿತ್ತು, ಮತ್ತೆ ಏಳಲಿಲ್ಲ. ಪಾಪ, ಹಾವಿನ ಮೇಲೆ ಹಾಕಿ ನಾವೆಲ್ಲ ಸುಮ್ಮನಾದೆವು.

ಗದ್ದಲ ಮುಗಿದು ಊರಿಗೆ ಮರಳಿದೆವು. ಮೊನ್ನೆ ಗಂಡನ ಊರು ಇಜೇರಿಯಿಂದ ನಾಗವ್ವ ಬಂದಳು. ಕಾಲು ತೊಳೆಯುತ್ತಲೇ ಶುರು ಮಾಡಿದಳು.

"ಸಾವಾದ ಮನ್ಯಾಗ ವರ್ಷದೊಳಗ ಒಂದ ಶುಭಕಾರ್ಯ ಆಗಬೇಕವ್ವ. ಜಲ್ದಿ ಮುಗಿಸಿಬಿಡೂಣು."

"ಆಗಲಿ. ಆದ್ರ ಈ ಜೋಡಿ ಬ್ಯಾಡ."

"ಯಾಕ? ನನ್ನ ಮಗಳು ಕುಂಟಿಯೇನ, ಕುರುಡಿಯೇನ?"

"ಆಕಿಗೆ ಚುಕ್ಕಿ ಅದ."

"ಅಯ್ಯ, ಚುಕ್ಕಿ ಅದಂತನ ಜೋಡಿ ಅಂತೇನಿ! ನಿನ್ನ ಮಗಗೂ ಅದ ಅಲ್ಲ?"

"ಅದಕ್ಕ ಬ್ಯಾಡ ಅನ್ನೂದು."

ಡಾಕ್ಟರ್ ಮಾತು ಹೇಳಿದೆ. ಸತ್ತ ಕೂಸಿನ ಮಾತೂ ಹೇಳಿದೆ. ಆಕೆ ಕೇಳಬೇಕಲ್ಲ?

"ಸೊಲ್ಲಾಪುರದ ನೀರ ಕುಡದು ನಿನ್ನ ತಲಿ ಕೆಟ್ಟದ ಬೇ. ಹೊರಗಿನಾಕಿ ಬಂದು ಹಳಸಿದ ಅಂಬಲಿ ಹಾಕ್ತಾಳ, ಆಗ ನನ್ನ ಮಗಳ ನೆನಪಾಗ್ತದ ನಿನಗ."

"ಹಾಕಲಿ, ಕುಡೀತೇನಿ. ನಿನ್ನ ಮಗಳ ಮಕ್ಕಳನ್ನ ಮಣ್ಣ ಮಾಡೂದಕ್ಕಿಂತ ಛಲೋ."

ನಾಗವ್ವ ಉಣ್ಣದೇ ಎದ್ದು ಹೋದಳು. ಹೆತ್ತ ಮಗಳು, ತವರಿನ ಹೊಸ್ತಿಲಿಂದ ಹಸಿದು ಹೋಗುವುದು ಅಂದರೆ ಏನು ಅಂತ ಹೆಣ್ಣುಮಕ್ಕಳಿಗೆ ಹೇಳಬೇಕಿಲ್ಲ.

ಗುರಪ್ಪ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಕೈ ಎದೆಯ ಮೇಲಿತ್ತು.

"ಹಂಗಾದ್ರ ನಾನೂ ಅಣ್ಣನಂಗ..."

"ತುಪ್ಪ ಬಿಡು" ಅಂದೆ. ಬೇರೆ ಏನು ಹೇಳಲಿ? ಅಂದಿನಿಂದ ಅವನು ಕೆಮ್ಮಿದರೂ ನನ್ನ ಜೀವ ಬಾಯಿಗೆ ಬರುತ್ತದೆ.

ಹೊರಗಿನ ಹೆಣ್ಣು ತಂದರೆ ಎಲ್ಲ ಸರಿಹೋಗುತ್ತದಾ? ಖಾತ್ರಿ ಇಲ್ಲ. ಮಕ್ಕಳಿಗೆ ಬಂದರೂ ಬರಬಹುದು, ಬರದೆಯೂ ಇರಬಹುದು. ಡಬಲ್ ಬರುವುದು ತಪ್ಪೀತು. ಆ ಒಂದು ಆಸೆ ಸಾಕು ನನಗೆ. ಹೆಣ್ಣು ನೋಡಲು ಹೋದಾಗ ನಾವು ಹೊಲ ಎಷ್ಟು ಅಂತೇವೆ, ಕುಲದ ಬೆಡಗು ಯಾವುದು ಅಂತೇವೆ, ರೊಟ್ಟಿ ತೆಳ್ಳಗೆ ಬಡಿಯುತ್ತಾಳೋ ಅಂತೇವೆ. ರಕ್ತದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. (ಎತ್ತಿದರೆ ಅಪಶಕುನವಂತೆ!)

ನಾಗವ್ವ ಹೋದ ಮರುದಿನ ಮುಂಜಾನೆ ಗುರಪ್ಪನನ್ನು ಎಳೆದುಕೊಂಡು ಅಫಜಲಪುರಕ್ಕೆ ಹೊರಟೆ. ಏಳು ತಲೆಮಾರಿನಲ್ಲೂ ನಮಗೆ ನಂಟಿಲ್ಲದ ಮನೆ. ಚಹಾ ಬಂತು. ಹುಡುಗಿ ಇನ್ನೂ ಹೊರಗೆ ಬಂದಿರಲಿಲ್ಲ. ಅವಳ ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಕೇಳಿಯೇಬಿಟ್ಟೆ:

"ಯಜಮಾನ್ರ, ನಿಮ್ಮ ಮನ್ಯಾಗ ಹಿರೇರು ಹ್ಯಾಂಗ ಸತ್ರು?"