ಮನೀಷಾಳ ನಿಜವಾದ ವಯಸ್ಸು

ಕ್ರೋಮೋಸೋಮ್ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಜಹೀರಾಬಾದಿನ ಒಂದು ದವಾಖಾನೆಯಲ್ಲಿ. ನ್ಯಾಲ್ಕಲ್‌ನಲ್ಲಿ ನಮ್ಮ ಓಣಿಯ ಮನೀಷಾ ಆಗ ಮೂರೂವರೆ ತಿಂಗಳ ಬಸುರಿ. ಮದುವೆಯಾದ ಏಳು ವರ್ಷಕ್ಕೆ ನಿಂತ ಬಸಿರು. ಅವಳ ತಾಯಿ ಮೋನಮ್ಮ ನನ್ನ ಗೆಳತಿ, ತೀರಿಕೊಂಡಿದ್ದಳು. ಅದಕ್ಕೇ ಜೊತೆಗೆ ನಾನು ಹೋಗಿದ್ದೆ. ಅವಳ ಅತ್ತೆ ದ್ರೌಪದಿಯೂ ಬಂದಿದ್ದಳು.

ಡಾಕ್ಟರ್ ಸೌಮ್ಯಶ್ರೀ ರಕ್ತದ ರಿಪೋರ್ಟು ನೋಡಿ ಹೇಳಿದರು: "ಮನುಷ್ಯಾರ ಮೈಯಾಗ ಕಣಕಣಕ್ಕೂ ನಲವತ್ತಾರು ಕ್ರೋಮೋಸೋಮ್ ಇರ್ತಾವರಿ, ಜೋಡಿ ಜೋಡಿ. ಇಪ್ಪತ್ತೊಂದನೇ ಜೋಡಿಗಿ ಇನ್ನೊಂದು ಸೇರಿದ್ರ ಕೂಸಿನ ಬುದ್ಧಿ, ಮಾತು, ನಡಿಗಿ ನಿಧಾನ ಆಗ್ತಾವ. ಇಂಥಾ ರಿಪೋರ್ಟು ಬಂದ ಎಪ್ಪತ್ತು ಬಸುರ್ಯಾರಾಗ ಒಬ್ಬರಿಗಿ ಹಂಗ ಆಗಬಹುದು. ಆಗೇ ಬಿಟ್ಟದ ಅಂತಲ್ಲ. ಖಾತ್ರಿ ಬೇಕಂದ್ರ ಹೊಟ್ಟಿಗಿ ಸೂಜಿ ಹಾಕಿ ಕೂಸಿನ ಸುತ್ತಲಿನ ನೀರು ತೆಗೆದು ನೋಡಬೇಕು."

ಊರಿಗೆ ಮರಳುವ ಜೀಪಿನಲ್ಲಿ ಕೂತ ಕೂಡಲೇ ದ್ರೌಪದಿ ತೀರ್ಮಾನ ಮಾಡಿಬಿಟ್ಟಳು.

"ತೆಗಿಸಿಬಿಡು. ನಮ್ಮ ಮನಿತನದಾಗ ಇಂಥಾದ್ದು ಇಲ್ಲ."

"ನಿಮ್ಮ ಮನಿತನದಾಗ ಯಾರು ತಪಾಸ ಮಾಡಿಸ್ಯಾರ್ರಿ ಅತ್ತಿ, ಇಲ್ಲ ಅಂತ ತಿಳಿಯಾಕ?" ಎಂದಳು ಮನೀಷಾ. "ನನ್ನ ಕೂಸಿಗಿ ಒಂದು ಹೆಚ್ಚಿಗಿ ಇದ್ದೀತು. ಕಡಿಮಿ ಅಂತೂ ಇಲ್ಲ."

ಜೀಪಿನಲ್ಲಿದ್ದವರೆಲ್ಲ ಹೊರಗೆ ನೋಡತೊಡಗಿದರು.

ಈ ಹುಡುಗಿ ಮೊದಲಿನಿಂದಲೂ ಹೀಗೆಯೇ. ಹತ್ತನೆಯದರಲ್ಲಿ ಗಣಿತ ಹೋಯಿತೆಂದು ಅಪ್ಪ ಶಾಲೆ ಬಿಡಿಸಿದಾಗ ಅಳಲಿಲ್ಲ. ನನ್ನ ಹೊಲಿಗೆ ಮಿಷನ್ನಿನ ಮುಂದೆ ಬಂದು ಕೂತಳು. ಈಗ ಸುತ್ತಲಿನ ಮೂರು ಊರಿನ ರವಿಕೆ ಹೊಲಿಯುವವಳು ಅವಳೇ.

ಒಂದು ವಾರ ದ್ರೌಪದಿ ಸೊಸೆಯೊಡನೆ ಮಾತು ಬಿಟ್ಟಳು. ಗಂಡ ನರೇಶ ತಾಯಿಯ ಮುಂದೆ ತಾಯಿಯ ಮಾತು, ಹೆಂಡತಿಯ ಮುಂದೆ ಹೆಂಡತಿಯ ಮಾತು ಆಡಿದ. ಮನೀಷಾ ರಿಪೋರ್ಟು ಹಿಡಿದು ನನ್ನ ಮನೆಗೆ ಬಂದಳು. ನನಗೆ ಇಂಗ್ಲಿಷ್ ಬಾರದು, ಅಂಕಿ ಬರುತ್ತದೆ. ಅವಳ ಹೆಸರಿನ ಪಕ್ಕ 40 ಎಂದಿತ್ತು.

"ಇದೇನವಾ ನಲವತ್ತು?"

"ವಯಸ್ಸು, ಆಯಿ. ಆಧಾರ ಕಾರ್ಡಿನಾಗ ಹಂಗೇ ಅದ. ಎಲ್ಲಾ ಕಡಿ ಹಂಗೇ ಬರೀತಾರ."

ಆ ನಲವತ್ತು ಯಾರದೆಂದು ನನಗೆ ಗೊತ್ತು. ಮೋನಮ್ಮನ ಮೊದಲ ಮಗಳ ಹೆಸರೂ ಮನೀಷಾ. ಎರಡು ವರ್ಷದವಳಿದ್ದಾಗ ಗೊಬ್ಬರ, ಅಂದರೆ ದಡಾರ, ಎದ್ದು ಮೈತುಂಬ ಕೆಂಪಾಗಿ, ಜ್ವರದಲ್ಲೇ ಹೋಯಿತು. ರೇಷನ್ ಕಾರ್ಡಿನಿಂದ ಹೆಸರು ಹೊಡೆದುಹಾಕಿಸಲು ಯಾರೂ ಹೋಗಲಿಲ್ಲ. ಮೊದಲನೆಯದು ಹುಟ್ಟಿ ಹನ್ನೆರಡು ವರ್ಷಕ್ಕೆ, ತೊಗರಿ ಕೊಯ್ಯುವ ದಿನಗಳಲ್ಲಿ ಇವಳು ಹುಟ್ಟಿದಳು. ಅದೇ ಹೆಸರಿಟ್ಟರು, ಕಾರ್ಡಿನಲ್ಲಿ ಅದೇ ಸಾಲು ನಡೆಯಿತು. ನಮ್ಮ ಕಡೆ ಹೀಗೆ ಮಾಡಿದ ಮನೆ ಅದೊಂದೇ ಅಲ್ಲ. ಕಾರ್ಡು ನೋಡಿ ಆಧಾರ ಆಯಿತು.

ಮರುದಿನವೇ ಅವಳನ್ನು ಕರೆದುಕೊಂಡು ದವಾಖಾನೆಗೆ ಹೋಗಿ, ಇವಳಿಗೆ ಈಗ ಇಪ್ಪತ್ತೆಂಟೇ ಎಂದು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

"ತಾಯಿ ವಯಸ್ಸು ಹೆಚ್ಚಾದಂಗ ಈ ಅಪಾಯ ಹೆಚ್ಚರಿ. ಲ್ಯಾಬಿನವರು ವಯಸ್ಸು ಹಿಡಿದೇ ಲೆಕ್ಕ ಹಾಕ್ತಾರ. ಖರೇನೇ ಇಪ್ಪತ್ತೆಂಟಾ?"

"ನನ್ನ ಕೈಯಾಗ ಹುಟ್ಟಿದ ಕೂಸರಿ. ಬೇಕಾದ್ರ ವಾರನೂ ಹೇಳ್ತೀನಿ."

ಹೊಸ ರಿಪೋರ್ಟು ಬಂತು. ಎಂಟುನೂರು ಬಸುರಿಯರಲ್ಲಿ ಒಬ್ಬರಿಗೆ. ಸೂಜಿ ಬೇಡವೆಂದರು ಡಾಕ್ಟರು. "ಆದ್ರ ಏನೂ ಇಲ್ಲವೇ ಇಲ್ಲ ಅನ್ನಾಕ ಬರಲ್ಲ ನೋಡವಾ."

"ಎಪ್ಪತ್ತರಾಗ ಒಂದು ಅಂದಾಗೂ ನಂದೇ ಇತ್ತು, ಈಗೂ ನಂದೇ ಅದರಿ," ಎಂದಳು ಮನೀಷಾ.

ಏಳನೆಯ ತಿಂಗಳಿಗೆ ದ್ರೌಪದಿ ಓಣಿಗೆಲ್ಲ ಕುಬುಸಕ್ಕೆ ಹೇಳಿದಳು. ನನಗೆ ಹೇಳಲಿಲ್ಲ. ನನ್ನ ಗಂಡ ಹೋಗಿ ಹನ್ನೊಂದು ವರ್ಷ. ಬಸುರಿಗೆ ಉಡಿ ತುಂಬುವ ಮನೆಗೆ ನನ್ನಂಥವಳನ್ನು ಯಾರೂ ಕರೆಯುವುದಿಲ್ಲ. ಮುತ್ತೈದೆಯರು ಬಂದು ಕೂತಾಗ ಮನೀಷಾ ಹಸಿರು ಸೀರೆಯಲ್ಲಿ ಮಣೆಯಿಂದೆದ್ದು ನನ್ನ ಬಾಗಿಲಿಗೆ ಬಂದಳು. ಅಕ್ಕಿ, ಕೊಬ್ಬರಿಯ ತಾಟು ಅವಳ ಕೈಯಲ್ಲೇ ಇತ್ತು. ಹಿಂದೆಯೇ ದ್ರೌಪದಿ.

"ಹುಚ್ಚೇನ ನಿನಗ? ಆಕಿ ಕೈಲೆ ತುಂಬಿಸ್ಕೋತಿಯಾ?"

"ತೆಗಿಸು ಅಂದವರ ಕೈಗಿಂತ ಛಲೋ ಅದರಿ ಅತ್ತಿ ಈ ಕೈ."

ತಾಟು ನನ್ನ ಮುಂದಿಟ್ಟು, ಸೆರಗು ಚಾಚಿದಳು. "ಆಯಿ, ಮೊದಲ ನೀ ತುಂಬು. ಆಮೇಲೆ ಯಾರು ಬರ್ತಾರೋ ಬರಲಿ."